ಫ್ರೀವೀಲ್ ಬಿಚ್ಚುವ ಹಕ್ಕು

ಸೈಕಲ್ಲಿನ ಹಿಂದಿನ ಚಕ್ರದ ನಡುವೆ, ಚೈನು ಸುತ್ತಿಕೊಂಡಿರುವ ಹಲ್ಲಿನ ಗಾಲಿ ಒಂದಿರುತ್ತಲ್ಲ, ಅದರ ಹೆಸರು ಫ್ರೀವೀಲ್. ಇಪ್ಪತ್ತೊಂದು ಗೇರಿನ ಸೈಕಲ್ಲಿನಲ್ಲಿ ಭಾನುವಾರ ಬೆಳಿಗ್ಗೆ ಹೊರಡುವವರು ಸ್ವಲ್ಪ ಹೊತ್ತು ತಮ್ಮ ಸೈಕಲ್ ಮರೆತುಬಿಡಿ. ನಾನು ಹೇಳ್ತಿರೋದು ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗ್ಯಾಸ್ ಸಿಲಿಂಡರು ಹೊರುವ ಕರಿ ಸೈಕಲ್ಲಿನ ವಿಷಯ. ಆ ಫ್ರೀವೀಲನ್ನ ಯಾವ ನಟ್ಟೂ ಬೋಲ್ಟೂ ಹಿಡಿದುಕೊಂಡಿರೋದಿಲ್ಲ. ಡಬ್ಬಿಗೆ ಮುಚ್ಚಳ ತಿರುವಿದ ಹಾಗೆ ಹಬ್ಬಿನ ಮೇಲೆ ತಿರುವಿ ಕೂಡಿಸಿರ್ತಾರೆ, ಅಷ್ಟೆ. ಕೂಡಿಸುವಾಗ ಮೆಕ್ಯಾನಿಕ್ ಪಾನಾ ಕೂಡ ಹಾಕೋದಿಲ್ಲ, ಕೈಯಿಂದಲೇ ತಿರುವಿ ಬಿಡ್ತಾನೆ. ಯಾಕಂದ್ರೆ ಥ್ರೆಡ್ಡು ಬಿಗಿಯಾಗುವ ದಿಕ್ಕು, ಪೆಡಲ್ ತುಳಿದಾಗ ಚೈನು ಎಳೆಯುವ ದಿಕ್ಕು, ಎರಡೂ ಒಂದೇ. ಮಿಕ್ಕಿದ್ದನ್ನ ಸೈಕಲ್ ಓಡಿಸುವವನೇ ಮುಗಿಸ್ತಾನೆ. ತುಳಿದಷ್ಟೂ ಬಿಗಿ.

ಹಾಗಾದ್ರೆ ಹಿಂದಕ್ಕೆ ತುಳಿದರೆ ಸಡಿಲ ಆಗಬೇಕಲ್ಲ? ಆಗೋದಿಲ್ಲ. ಫ್ರೀವೀಲಿನ ಹೊಟ್ಟೆಯೊಳಗೆ ಎರಡು ಸಣ್ಣ ಉಕ್ಕಿನ ನಾಲಿಗೆ ಇರ್ತವೆ. ಹಿಂದಿ ಮಾತಾಡುವ ಮೆಕ್ಯಾನಿಕ್‌ಗಳು ಇವಕ್ಕೆ ಕುತ್ತಾ ಅಂತಾರೆ. ಮುಂದಕ್ಕೆ ತುಳಿದಾಗ ಅವು ಕಚ್ಚಿ ಹಿಡೀತವೆ, ಹಿಂದಕ್ಕೆ ತುಳಿದಾಗ ಟಿಕ್ ಟಿಕ್ ಅಂತ ಜಾರಿಕೊಳ್ತವೆ. ಅಂದ್ರೆ ಹಿಂದಕ್ಕೆ ಎಷ್ಟು ತುಳಿದರೂ ಆ ಶಕ್ತಿ ಥ್ರೆಡ್ಡಿನ ತನಕ ಹೋಗೋದೇ ಇಲ್ಲ. ಸೈಕಲ್ ಓಡಿಸಿ ಫ್ರೀವೀಲನ್ನ ಬಿಗಿ ಮಾಡಬಹುದು, ಸಡಿಲ ಮಾಡೋಕೆ ಯಾವ ರೀತಿಯ ಓಡಿಸುವಿಕೆಯಿಂದಲೂ ಸಾಧ್ಯವಿಲ್ಲ. ಅದನ್ನ ಬಿಚ್ಚಬೇಕಂದ್ರೆ ಸೈಕಲ್ ನಿಲ್ಲಿಸಬೇಕು, ಚಕ್ರ ಕಳಚಬೇಕು, ಹೊರಗಿನವನೊಬ್ಬ ಬರಬೇಕು.

ನನ್ನ ಪ್ರಶ್ನೆ ಆ ಹೊರಗಿನವನ ಬಗ್ಗೆ. ಯಾರ ತಪ್ಪೂ ಇಲ್ಲದೆ, ಬರೀ ಕೆಲಸ ಮಾಡಿ ಮಾಡಿ ಗಟ್ಟಿಯಾಗಿ ಕೂತುಬಿಟ್ಟಿದ್ದನ್ನ ಬಲ ಹಾಕಿ ಬಿಚ್ಚುವ ಹಕ್ಕು ಯಾರಿಗಿದೆ? ಯಾವಾಗ ಬರುತ್ತೆ?

ನಾವು ಸಾಫ್ಟ್‌ವೇರ್ ಮಂದಿಗೆ ಇದು ದಿನದ ಕೆಲಸ. ಹದಿನೈದು ವರ್ಷದ ಹಿಂದೆ ಯಾರೋ ಬರೆದ ಕೋಡು, ಅದರ ಮೇಲೆ ಇಪ್ಪತ್ತು ಸಿಸ್ಟಮ್ಮು ನಿಂತಿರ್ತವೆ, ಮುಟ್ಟಿದರೆ ಎಲ್ಲಿ ಏನು ಬೀಳುತ್ತೋ ಗೊತ್ತಿಲ್ಲ. ಹೊಸದಾಗಿ ಸೇರಿದ ಹುಡುಗ ಅದನ್ನ ನೋಡಿ ಯಾರು ಬರೆದದ್ದು ಈ ಕಸ ಅಂತಾನೆ. ಕಸ ಅಲ್ಲ ಮಾರಾಯ, ಅದು ಹದಿನೈದು ವರ್ಷ ಸಂಬಳ ಕೊಟ್ಟಿದೆ. ಆದರೆ ಕೋಡಿಗೆ ನೋವಾಗೋದಿಲ್ಲ, ಅದಕ್ಕೇ ನಮಗೆ ಈ ಪ್ರಶ್ನೆ ಗಟ್ಟಿಯಾಗಿ ತಟ್ಟೋದಿಲ್ಲ. ನನಗೆ ತಟ್ಟಿದ್ದು ಅಪ್ಪನ ಸೈಕಲ್ಲಿನಿಂದ.

ನಮ್ಮೂರು ಖಾನಾಪುರದಿಂದ ಏಳು ಕಿಲೋಮೀಟರು, ನಂದಗಡದ ಕಡೆ. ಅಪ್ಪ ಈ ಸೈಕಲ್ ತಗೊಂಡದ್ದು 1987ರಲ್ಲಿ. ಇಪ್ಪತ್ತೈದು ವರ್ಷ ದಿನಾ ಬೆಳಿಗ್ಗೆ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಖಾನಾಪುರಕ್ಕೆ ಹೋಗಿ ಬಂದಿದ್ದಾರೆ. ಎಂಜಿನಿಯರ್ ಮಗ ಅಂದ ಮೇಲೆ ಲೆಕ್ಕ ಹಾಕದೆ ಇರೋಕಾಗುತ್ತಾ? ಮುಂದೆ 44 ಹಲ್ಲಿನ ಚೈನ್ ವೀಲು, ಹಿಂದೆ 18 ಹಲ್ಲಿನ ಫ್ರೀವೀಲು. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತೆ. ದಿನಕ್ಕೆ 14 ಕಿಲೋಮೀಟರ್ ಅಂದ್ರೆ 2600 ಸುತ್ತು, ಎರಡೂ ಕಾಲು ಸೇರಿ 5200 ತುಳಿತ. ವರ್ಷಕ್ಕೆ 300 ದಿನ ಹಿಡಿದರೂ ಇಪ್ಪತ್ತೈದು ವರ್ಷಕ್ಕೆ ಹತ್ತಿರ ಹತ್ತಿರ ನಾಲ್ಕು ಕೋಟಿ ತುಳಿತ. ನನ್ನ ಬಿಇ ಫೀಸು, ಅಕ್ಕನ ಮದುವೆ ಎಲ್ಲ ಆ ನಾಲ್ಕು ಕೋಟಿಯೊಳಗೇ ಬಂದದ್ದು.

ಆದರೆ ಈ ನಾಲ್ಕು ಕೋಟಿಯೂ ಸೇರಿ ಫ್ರೀವೀಲನ್ನ ಬಿಗಿ ಮಾಡಿದವು ಅಂದರೆ ತಪ್ಪಾಗುತ್ತೆ. ಥ್ರೆಡ್ಡಿನ ಬಿಗಿತ ಕೂಡಿಸಿದ ಲೆಕ್ಕ ಅಲ್ಲ, ಸರಾಸರಿಯೂ ಅಲ್ಲ. ಒಂದು ಸಲ ಒಂದು ಮಟ್ಟಕ್ಕೆ ಬಿಗಿಯಾದ ಮೇಲೆ ಅದಕ್ಕಿಂತ ಕಡಿಮೆ ಬಲದ ತುಳಿತ ಏನೂ ಮಾಡೋದಿಲ್ಲ. ಅದನ್ನ ಇನ್ನೊಂದು ಕೂದಲೆಳೆಯಷ್ಟು ತಿರುವೋದು ಹಿಂದಿನ ಎಲ್ಲಕ್ಕಿಂತ ಜೋರಾದ ತುಳಿತ ಮಾತ್ರ. 60 ಕಿಲೋದ ಮನುಷ್ಯ ಸೀಟಿನಿಂದ ಎದ್ದು ನಿಂತು ಒಂದೇ ಪೆಡಲಿನ ಮೇಲೆ ಪೂರ್ತಿ ಭಾರ ಬಿಟ್ಟರೆ ಹಬ್ಬಿನ ಹತ್ತಿರ ಸುಮಾರು 40 ನ್ಯೂಟನ್ ಮೀಟರ್ ತಿರುಚು ಬೀಳುತ್ತೆ. ಅಂದ್ರೆ ಅಪ್ಪನ ಫ್ರೀವೀಲಿನಲ್ಲಿ ಉಳಿದುಕೊಂಡಿರೋದು ಇಪ್ಪತ್ತೈದು ವರ್ಷದ ಯಾವುದೋ ಒಂದು ದಿನ. ಮಳೆ, ಎದುರು ಗಾಳಿ, ಊರ ಹೊರಗಿನ ಏರು, ತುಂಬಿದ ಎರಡು ಕ್ಯಾನು, ಡೇರಿ ಬಾಗಿಲು ಹಾಕುವ ಹೊತ್ತು. ಆ ದಿನ ಯಾವುದು ಅಂತ ಅಪ್ಪನಿಗೂ ನೆನಪಿಲ್ಲ. ಆಮೇಲೆ ಬಂದದ್ದು ಜಂಗು. ಖಾನಾಪುರದ ಮಳೆ ಗೊತ್ತಿರುವವರಿಗೆ ಜಂಗಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಮನುಷ್ಯರ ವಿಷಯದಲ್ಲೂ ಹೀಗೇ ಇರಬಹುದು ಅಂತ ನನಗೆ ಅನ್ನಿಸಿದ್ದುಂಟು. ಯಾರಾದರೂ ಯಾವುದಕ್ಕಾದರೂ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದು ರೂಢಿ ಅಂತ ಹೇಳಿ ಮುಗಿಸ್ತೀವಿ. ರೂಢಿಗೆ ಅಷ್ಟು ಶಕ್ತಿ ಇರುತ್ತೋ ಇಲ್ಲವೋ. ಯಾವುದೋ ಒಂದು ಕೆಟ್ಟ ದಿನ ಅವರು ಅದರ ಮೇಲೆ ಪೂರ್ತಿ ಭಾರ ಬಿಟ್ಟಿರ್ತಾರೆ, ಅದು ಹಿಡಿದಿರುತ್ತೆ.

ಇರಲಿ. ಅಪ್ಪನಿಗೆ ಈಗ ಎಪ್ಪತ್ತೊಂದು. ಅವ್ವ ಹೋಗಿ ಎರಡು ವರ್ಷ. ಹಾಲಿನ ಕೆಲಸ ನಿಂತು ಬಹಳ ವರ್ಷ ಆಯ್ತು, ಆದರೆ ಸೈಕಲ್ ನಿಂತಿಲ್ಲ. ಹೊಲಕ್ಕೆ, ಸಂತೆಗೆ, ಪಿಂಚಣಿ ದುಡ್ಡಿಗೆ, ಚಹಾಕ್ಕೆ. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಎಡಗಡೆ ಕ್ರ್ಯಾಂಕಿನ ಕಾಟರ್ ಪಿನ್ ಕೂರುವ ತೂತು ಸವೆದು ಅಗಲವಾಗಿ, ತುಳಿದಾಗಲೆಲ್ಲ ಕ್ರ್ಯಾಂಕು ಅಲ್ಲಾಡತೊಡಗಿತ್ತು. ಒಂದು ದಿನ ಏರಿನಲ್ಲಿ ಕಾಲು ಜಾರಿ ಬಿದ್ದರು. ಮೊಣಕಾಲು ತರಚಿತು, ಮೂಳೆಗೆ ಏನೂ ಆಗಲಿಲ್ಲ. ಪುಣೆಯಿಂದ ಅಕ್ಕನ ಫೋನು ಬಂತು. "ಆ ಸೈಕಲ್ ಗುಜರಿಗೆ ಹಾಕು. ಅಪ್ಪನ್ನ ಬೆಳಗಾವಿಗೆ ಕರ್ಕೊಂಡು ಹೋಗು, ಇಲ್ಲಾಂದ್ರ ನಾ ಬಂದು ಪುಣೆಕ್ಕ ಕರ್ಕೊಂಡು ಬರ್ತೇನಿ. ನೀ ಅದನ್ನ ರಿಪೇರಿ ಮಾಡಿಸಿ ಕೊಟ್ಟಿ ಅಂದ್ರ, ಅವರು ಅಲ್ಲೇ ಇರ್ಲಿ ಅಂತ ನೀನಾ ತೀರ್ಮಾನ ಮಾಡಿದಂಗ."

ಅಕ್ಕ ಎಂಜಿನಿಯರ್ ಅಲ್ಲ, ಆದರೆ ನಮ್ಮ ಮನೆಯಲ್ಲಿ ತರ್ಕ ಸರಿಯಾಗಿ ಬರೋದು ಅವಳಿಗೇ. ಒಂದು ಕ್ರ್ಯಾಂಕ್ ಸೆಟ್ಟು ಬದಲಾಯಿಸುವುದೂ ಒಂದು ಪಕ್ಷ ವಹಿಸಿದ ಹಾಗೆ. ಗೊತ್ತಿದ್ದೂ ನಾನು ಸೈಕಲ್ಲನ್ನ ಟೆಂಪೋದಲ್ಲಿ ಹಾಕಿಕೊಂಡು ಬೆಳಗಾವಿಗೆ ತಂದೆ. ತರಬೇಡ ಅಂತ ಹೇಳುವ ಹಕ್ಕು ಅಕ್ಕನಿಗೆ ಇತ್ತೋ ಇಲ್ಲವೋ, ಮಾರು ಅಂತ ಹೇಳುವ ಹಕ್ಕಂತೂ ನಮ್ಮಿಬ್ಬರಿಗೂ ಇರಲಿಲ್ಲ.

ಶಹಾಪುರದ ಓಣಿಯೊಂದರಲ್ಲಿ ಇಂಥ ಸೈಕಲ್ ಮುಟ್ಟುವ ಕಾಕಾ ಒಬ್ಬರಿದ್ದಾರೆ. ಕನ್ನಡ, ಮರಾಠಿ, ಉರ್ದು ಮೂರನ್ನೂ ಒಂದೇ ವಾಕ್ಯದಲ್ಲಿ ಮಾತಾಡೋ ಪೈಕಿ. ಕಾಟರ್ ಪಿನ್ ಹೊಡೆದು ಹೊರಗೆ ತೆಗೆಯೋಕೆ ಹತ್ತು ನಿಮಿಷ ಹಿಡೀತು. ಬಡಿಯೋ ಮೊದಲು ಕ್ರ್ಯಾಂಕಿನ ಕೆಳಗೆ ಒಂದು ಕಬ್ಬಿಣದ ಪೈಪು ನೆಟ್ಟಗೆ ನಿಲ್ಲಿಸಿ, ಏಟಿನ ಭಾರ ಬೇರಿಂಗಿಗೆ ಹೋಗದೆ ನೆಲಕ್ಕೆ ಹೋಗೋ ಹಾಗೆ ಮಾಡಿಕೊಂಡರು. ಹೊಸ ಚೈನ್ ವೀಲು, ಎರಡೂ ಕಡೆ ಹೊಸ ಕ್ರ್ಯಾಂಕು, ಹೊಸ ಚೈನು. ಕೈಯಿಂದ ಪೆಡಲ್ ತಿರುವಿದರು, ಚಂದಾಗಿ ತಿರುಗಿತು. ಆಮೇಲೆ ಹಿಂದಿನ ಬ್ರೇಕ್ ಸ್ವಲ್ಪ ಹಿಡಿದು ಪೆಡಲ್ ಮೇಲೆ ಭಾರ ಬಿಟ್ಟರು. ಕಟಕ್ ಅಂತ ಚೈನು ಫ್ರೀವೀಲಿನ ಹಲ್ಲಿನಿಂದ ಹಾರಿ ಮುಂದಿನ ಹಲ್ಲಿಗೆ ಬಿತ್ತು.

"ಮುಂದಿಂದು ಹೊಸಾದು ಹಾಕಿದ್ರ ಹಿಂದಿಂದೂ ಬೇಕ್ರಿ ಸಾಹೇಬ್ರ. ಹಳೇ ಹಲ್ಲಿಗೆ ಹೊಸಾ ಚೈನ್ ಕೂಡಂಗಿಲ್ಲ."

ಹಳೇ ಚೈನನ್ನ ನೆಲಕ್ಕೆ ಹಾಸಿ ಸ್ಕೇಲ್ ಇಟ್ಟು ತೋರಿಸಿದರು. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದ್ರೆ 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. ಇದು ಹನ್ನೆರಡೂ ಕಾಲು ಇತ್ತು. ಚೈನು ಸವೆದು ಉದ್ದವಾಗ್ತಾ ಹೋದ ಹಾಗೆ ಫ್ರೀವೀಲಿನ ಹಲ್ಲೂ ಅದರ ಅಳತೆಗೆ ತಕ್ಕ ಹಾಗೆ ಸವೆದು ಕೊಕ್ಕೆಯಾಗಿದ್ದವು. ಎರಡೂ ಕೆಟ್ಟಿದ್ದವು, ಆದರೆ ಒಂದಕ್ಕೊಂದು ಹೊಂದಿಕೊಂಡು ಕೆಟ್ಟಿದ್ದವು. ಜೊತೆಗಿದ್ದಷ್ಟು ದಿನ ಏನೂ ತೊಂದರೆ ಇರಲಿಲ್ಲ. ಒಂದನ್ನ ತೆಗೆದ ಮೇಲೆ ಇನ್ನೊಂದು ಕೆಲಸಕ್ಕೆ ಬಾರದೆ ಹೋಯ್ತು. ಅವ್ವ ಹೋದ ಮೇಲೆ ಅಪ್ಪ ಹೇಗಿದ್ದಾರೆ ಅಂತ ಯಾರಾದರೂ ಕೇಳಿದರೆ ಏನು ಹೇಳಬೇಕು ಅಂತ ನನಗೆ ತಿಳೀತಿರಲಿಲ್ಲ.

ಫ್ರೀವೀಲ್ ಬಿಚ್ಚೋ ಕೆಲಸ ಶುರುವಾಯ್ತು. ಅದರ ಮುಖದ ಮೇಲೆ ಎದುರುಬದುರಾಗಿ ಎರಡು ಕಚ್ಚು ಇರ್ತವೆ. ಅವಕ್ಕೆ ಸರಿಯಾಗಿ ಕೂರುವ ಒಂದು ಗಟ್ಟಿ ಉಕ್ಕಿನ ತುಂಡು ಇರುತ್ತೆ. ಅದನ್ನ ಕಚ್ಚಿನಲ್ಲಿ ಕೂಡಿಸಿ, ವೈಸಿನಲ್ಲಿ ಹಿಡಿಸಿ, ಮೇಲಿನ ಚಕ್ರವನ್ನ ಬಸ್ಸಿನ ಸ್ಟೇರಿಂಗ್ ಥರ ಎಡಕ್ಕೆ ತಿರುಗಿಸಬೇಕು. ಬರಲಿಲ್ಲ. ಚಿಮಣಿ ಎಣ್ಣಿ ಬಿಟ್ಟು ಒಂದು ರಾತ್ರಿ ಇಟ್ಟರು. ಮರುದಿನ ನಾನೂ ಕೈ ಹಚ್ಚಿದೆ, ಅವರ ಹುಡುಗನೂ ಹಚ್ಚಿದ. ಸಣ್ಣದಾಗಿ ಕಾಸಿ ನೋಡಿದರು. ಕೊನೆಗೆ ಏನೋ ಬಿಟ್ಟುಕೊಟ್ಟ ಹಾಗಾಯ್ತು, ಬಂತು ಅಂದುಕೊಂಡೆ. ಬಂದದ್ದು ಕಚ್ಚಿನ ಒಂದು ಅಂಚು, ಮುರಿದು.

ಕಾಕಾ ಬೀಡಿ ಹಚ್ಚಿಕೊಂಡು ಕೂತರು. "ಎರಡ ದಾರಿ ಅದಾವ್ರಿ. ಫ್ರೀವೀಲ್ ಒಡದ ತಗೀತೇನಿ, ಹಬ್ ಉಳೀತೈತಿ. ಇಲ್ಲಾಂದ್ರ ಚಕ್ರಾನ ಹೊಸಾದು ಹಾಕ್ಸ್ರಿ." ಒಡೀರಿ ಅಂತ ಹೇಳೋಕೆ ನಾನು ಬಾಯಿ ತೆರೆಯೋದರೊಳಗೆ ಅವರೇ ಕೇಳಿದರು. "ಸೈಕಲ್ ಯಾರ್ದ್ರಿ?"

"ಅಪ್ಪಂದು."

"ಇದ್ದಾರ?"

"ಇದ್ದಾರ್ರಿ, ಊರಾಗ."

"ಹಂಗಾದ್ರ ಅವ್ರನ್ ಕೇಳ್ರಿ ಮೊದ್ಲ."

ಇಲ್ಲಿ ಒಂದು ಪುಸ್ತಕದ ಮಾತು ಬರಲೇಬೇಕು. ರಾಬರ್ಟ್ ಪಿರ್ಸಿಗ್‌ನ ಝೆನ್ ಮತ್ತು ಮೋಟರ್‌ಸೈಕಲ್ ರಿಪೇರಿಯ ಪುಸ್ತಕ 1974ರಲ್ಲಿ ಬಂತು. ನಮ್ಮ ಆಫೀಸುಗಳಲ್ಲಿ ಅರ್ಧ ಜನರ ಕಪಾಟಿನಲ್ಲಿದೆ, ಅದರಲ್ಲಿ ಅರ್ಧ ಜನ ಓದಿದ್ದಾರೆ. ಅದರಲ್ಲಿ ಬಿಚ್ಚಲಾಗದೆ ಸಿಕ್ಕಿಕೊಂಡ ಒಂದು ಸ್ಕ್ರೂ ಬಗ್ಗೆ ಬಹಳ ಒಳ್ಳೆಯ ಚರ್ಚೆ ಇದೆ. ಎರಡು ಕಾಸಿನ ಸ್ಕ್ರೂ ಸಿಕ್ಕಿಕೊಂಡ ಕ್ಷಣ ಇಡೀ ಗಾಡಿಯಷ್ಟು ಬೆಲೆಯದಾಗುತ್ತೆ, ಯಾಕಂದ್ರೆ ಅದು ಬಿಚ್ಚದೆ ಗಾಡಿ ಓಡೋದಿಲ್ಲ. ಆ ತಲೆ ಕೆಟ್ಟು ಕೂತ ಕ್ಷಣವನ್ನ ಶತ್ರು ಅಂತ ತಿಳೀಬೇಡಿ, ಹೊಸದಾಗಿ ನೋಡೋದು ಅಲ್ಲಿಂದಲೇ ಶುರುವಾಗೋದು ಅನ್ನುವುದು ಅವನ ವಾದದ ಸಾರ. ನಾನು ಹಾಸ್ಟೆಲ್ಲಿನಲ್ಲಿ ಓದಿ ಮರುಳಾಗಿದ್ದೆ, ಈಗಲೂ ಒಪ್ತೀನಿ. ಆದರೆ ಅಲ್ಲಿ ಗಾಡಿ ಅವನದೇ. ಒಡೆದರೆ ಅವನದೇ ಒಡೆಯೋದು. ನಮ್ಮ ಊರುಗಳಲ್ಲಿ, ನಮ್ಮ ಮನೆಗಳಲ್ಲಿ ಸಿಕ್ಕಿಕೊಂಡಿರೋದು ಬಹುತೇಕ ಇನ್ನೊಬ್ಬರದು. ನಮ್ಮದು ಸಿಕ್ಕಿಕೊಂಡಾಗ ಹೇಗೆ ಬಿಚ್ಚೋದು ಅನ್ನೋದು ಪ್ರಶ್ನೆ. ಇನ್ನೊಬ್ಬರದಾದಾಗ ಬಿಚ್ಚಬೇಕೋ ಬೇಡವೋ ಅಂತ ಹೇಳೋರು ಯಾರು ಅನ್ನೋದು ಪ್ರಶ್ನೆ. ಪಿರ್ಸಿಗ್ ಓದದ ಕಾಕಾ ಆ ಎರಡನೆಯದನ್ನ ಒಂದು ಬೀಡಿ ಮುಗಿಯೋದರೊಳಗೆ ಕೇಳಿದ್ದರು.

ಅಪ್ಪನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡರು. "ಹಬ್ ಉಳೀತೈತೇನ?" ಅಂದರು. ಉಳೀತೈತಂತ ಅಂದೆ. "ಹಂಗಾದ್ರ ಒಡೀಲಿ ಬಿಡು. ಅದರ ಕೆಲಸ ಮುಗದೈತಿ." ಸ್ವಲ್ಪ ತಡೆದು, "ಕೇಳಿದ್ದು ಚಲೋ ಆತು ತಮ್ಮಾ," ಅಂದರು.

ಒಡೆಯೋದು ಅಂದರೆ ಸುತ್ತಿಗೆಯಿಂದ ಚೂರು ಮಾಡೋದು ಅಂತ ನೀವು ಅಂದುಕೊಂಡಿರಬಹುದು. ಅಲ್ಲ. ಫ್ರೀವೀಲಿನ ಮುಖದ ಮೇಲೆ ಒಂದು ತೆಳು ಬಿಲ್ಲೆ ಇರುತ್ತೆ, ಅದರಲ್ಲಿ ಎರಡು ಸಣ್ಣ ತೂತು. ಆ ತೂತಿಗೆ ಚಾಣ ಇಟ್ಟು ಬಡಿದು ಬಿಲ್ಲೆಯನ್ನ ತಿರುಗಿಸಿ ತೆಗೀಬೇಕು. ಅದರ ಥ್ರೆಡ್ಡು ಉಲ್ಟಾ. ಲೋಕದಲ್ಲಿ ಎಲ್ಲವೂ ಎಡಕ್ಕೆ ತಿರುವಿದರೆ ಬಿಚ್ಚುತ್ತೆ, ಇದು ಬಲಕ್ಕೆ. ಗೊತ್ತಿಲ್ಲದವನು ಎಡಕ್ಕೆ ಬಡಿದೂ ಬಡಿದೂ ಇನ್ನಷ್ಟು ಬಿಗಿ ಮಾಡ್ತಾನೆ, ಆಮೇಲೆ ಜಂಗು ಹಿಡಿದಿದೆ ಅಂತ ಬೈತಾನೆ. ಈ ಕರಿ ಸೈಕಲ್ಲಿನಲ್ಲಿ ಇಂಥ ಉಲ್ಟಾ ಥ್ರೆಡ್ಡು ಇನ್ನೆರಡು ಕಡೆ ಇವೆ. ಪೆಡಲ್ ಎಕ್ಸೆಲ್ ಕೂರುವ ಬಲಗಡೆಯ ಕಪ್ಪು ಒಂದು, ಎಡಗಡೆ ಪೆಡಲ್ ಒಂದು. ಎಡ ಪೆಡಲಿಗೆ ಮಾಮೂಲಿ ಥ್ರೆಡ್ಡು ಹಾಕಿದರೆ ತುಳೀತಾ ತುಳೀತಾ ತಾನೇ ಬಿಚ್ಚಿಕೊಂಡು ಬಿದ್ದುಬಿಡುತ್ತೆ. ವಿಮಾನ ಹಾರಿಸೋಕೆ ಮೊದಲು ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರು 1900ರ ಸುಮಾರಿಗೆ ತಮ್ಮ ಸೈಕಲ್ಲಿನ ಪೆಡಲ್ ಬಿಚ್ಚಿಕೊಳ್ಳೋದಿಲ್ಲ ಅಂತ ಹೇಳಿಕೊಂಡು ಮಾರಿದ್ದು ಈ ಉಲ್ಟಾ ಥ್ರೆಡ್ಡಿನ ಬಲದ ಮೇಲೆ.

ಬಲ ಹಾಕೋದು, ಬಲಾತ್ಕಾರ ಮಾಡೋದು ಎರಡರ ನಡುವಿನ ವ್ಯತ್ಯಾಸ ಬಲದ ಪ್ರಮಾಣದಲ್ಲಿದೆ ಅಂತ ನಾವು ಸಾಮಾನ್ಯವಾಗಿ ತಿಳಿದಿರ್ತೀವಿ. ಮೆಲ್ಲಗೆ ಮಾಡಿದರೆ ಸರಿ, ಜೋರು ಮಾಡಿದರೆ ತಪ್ಪು. ಕಾಕಾ ಹಾಕಿದ್ದು ನಮ್ಮೆಲ್ಲರಿಗಿಂತ ಜೋರಾದ ಏಟು. ಆದರೆ ಪ್ರತಿ ಏಟಿಗೂ ಮೊದಲು ಅವರಿಗೆ ಮೂರು ವಿಷಯ ಗೊತ್ತಿತ್ತು, ಯಾವ ದಿಕ್ಕು, ಏಟಿನ ಭಾರ ಹೋಗಿ ಮುಟ್ಟೋದು ಎಲ್ಲಿ, ಯಾವುದು ಉಳೀಬೇಕು. ಮೆಲ್ಲಗೆ ಮಾತಾಡಿ, ನಗುನಗುತ್ತಾ, ದಿಕ್ಕು ತಿಳಿಯದೆ ತಿರುವಿ ತಿರುವಿ ಜನರನ್ನ ಹಾಳು ಮಾಡುವವರು ನಮ್ಮ ನಡುವೆ ಎಷ್ಟಿಲ್ಲ. ಮಕ್ಕಳ ಮೇಲೆ ಒಂದು ಸಲವೂ ಕೈ ಎತ್ತದ ಅಪ್ಪ ಅಮ್ಮಂದಿರಲ್ಲೂ ಇದ್ದಾರೆ.

ಬಿಲ್ಲೆ ಬಿಚ್ಚಿತು. ಒಳಗಿನಿಂದ ಎಳ್ಳಿನ ಉಂಡೆ ಒಡೆದ ಹಾಗೆ ಸಣ್ಣ ಸಣ್ಣ ಗುಂಡುಗಳು, ಕರಿ ಗ್ರೀಸು, ಎರಡು ನಾಲಿಗೆ, ಕೂದಲಿನಂಥ ಸ್ಪ್ರಿಂಗು ಎಲ್ಲ ಉದುರಿದವು. ಹಲ್ಲಿನ ಗಾಲಿ ಕೈಗೆ ಬಂತು. ಹಬ್ಬಿಗೆ ಅಂಟಿಕೊಂಡು ಉಳಿದದ್ದು ಒಳಗಿನ ಒಂದು ಉಕ್ಕಿನ ಬಳೆ ಮಾತ್ರ. ಅದನ್ನ ನೇರವಾಗಿ ವೈಸಿನಲ್ಲಿ ಹಿಡಿಸಿದರು. ಈಗ ಕಚ್ಚು ಜಾರುವ ಭಯ ಇಲ್ಲ. ನಾನು, ಹುಡುಗ ಇಬ್ಬರೂ ರಿಮ್ಮು ಹಿಡಿದು ತಿರುವಿದೆವು. ಬಾಗಿಲ ಕೀಲು ಮುರಿದಂಥ ಸದ್ದು ಬಂತು. ಆಮೇಲೆ ಎರಡೇ ಬೆರಳಿನಲ್ಲಿ ತಿರುಗಿತು.

ಹೊಸ ಫ್ರೀವೀಲ್ 1987ರ ಹಬ್ಬಿನ ಮೇಲೆ ಸಲೀಸಾಗಿ ಕೂತಿತು. ಹಳೇ ಬ್ರಿಟಿಷ್ ಅಳತೆ, ಒಂದೂವರೆ ಇಂಚಿಗೆ ಸ್ವಲ್ಪ ಕಡಿಮೆ ಅಗಲ, ಇಂಚಿಗೆ 24 ಎಳೆ. ನಾವು ಎರಡು ವರ್ಷದ ಹಿಂದೆ ಬರೆದ ಪ್ರೋಗ್ರಾಮ್ ಇವತ್ತಿನ ಲೈಬ್ರರಿ ಜೊತೆ ಕೂರೋದಿಲ್ಲ, ಆ ಮಾತು ಬೇಡ ಬಿಡಿ.

ದೀಪಾವಳಿಗೆ ಅಕ್ಕ ಭಾವ ಬಂದಾಗ ಮಾತು ಮತ್ತೆ ಎದ್ದಿತು. ಭಾವ ಪುಣೆಯಲ್ಲಿ ಪಂಪಿನ ಉದ್ಯಮದಲ್ಲಿರುವವರು, ಬೆಳಗಾವಿಯದೇ ಉದಾಹರಣೆ ಕೊಟ್ಟರು. ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ಚಿತ್ರಕಲೆ ಕಲಿಯೋಕೆ ಹೋದರು, ಬಣ್ಣ ಸರಿಯಾಗಿ ಗುರುತಿಸಲಾಗದ ಕಣ್ಣು ಅಂತ ಬಿಟ್ಟರು, ಯಂತ್ರಗಳ ನಕ್ಷೆ ಕಲಿತು ಅಲ್ಲೇ ವಿಕ್ಟೋರಿಯಾ ಜ್ಯುಬಿಲಿ ಸಂಸ್ಥೆಯಲ್ಲಿ ಮಾಸ್ತರಾದರು. 1888ರಲ್ಲಿ ಅಣ್ಣನ ಜೊತೆ ಸೇರಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಶುರು ಮಾಡಿದರು. ಇವತ್ತಿನ ಅಷ್ಟು ದೊಡ್ಡ ಉದ್ಯಮದ ಬೇರು ಒಂದು ಸೈಕಲ್ ಅಂಗಡಿ. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಮುಂದೆ ಅವರ ಕಾರ್ಖಾನೆ ಇದ್ದ ಜಾಗ ಬಡಾವಣೆಗೆ ಬೇಕು ಅಂತ ಪುರಸಭೆ ಅವರನ್ನ ಎಬ್ಬಿಸಿತು. ಔಂಧ್ ಸಂಸ್ಥಾನದ ಅರಸರು ಜಾಗ ಕೊಟ್ಟರು, 1910ರಲ್ಲಿ ಕುಂಡಲ್ ರೋಡ್ ಸ್ಟೇಶನ್ ಹತ್ತಿರದ ಬರಡು ನೆಲಕ್ಕೆ ಹೋದರು. ಅದೇ ಕಿರ್ಲೋಸ್ಕರವಾಡಿ. ಬೆಳಗಾವಿಯಲ್ಲಿ ಉಳಿದದ್ದು ಕಿರ್ಲೋಸ್ಕರ್ ರೋಡು ಅನ್ನೋ ಹೆಸರು. "ಎಬ್ಬಿಸದೇ ಇದ್ದಿದ್ರ ಏನಾಗ್ತಿತ್ತು? ಇಲ್ಲೇ ಒಂದು ವರ್ಕ್‌ಶಾಪ್ ಇಟ್ಕೊಂಡು ಇರ್ತಿದ್ರು. ಬೇರು ಕಿತ್ತದ್ದ ಚಲೋ ಆತು," ಅಂದರು ಭಾವ.

ಚಲೋ ಆದದ್ದು ಖರೇ. ಆದರೆ ಚಲೋ ಮಾಡಿದ್ದು ಯಾರು? ಕಿತ್ತವರು ಅಲ್ಲ, ಕಿತ್ತಿಸಿಕೊಂಡವರು. ಫಲ ಒಳ್ಳೆಯದಾದರೆ ಹಿಂದಿನ ಒತ್ತಾಯಕ್ಕೂ ಪುಣ್ಯ ಅಂಟಿಸಿಬಿಡೋದು ಗೆದ್ದವರ ಕತೆ ಹೇಳುವಾಗ ಮಾತ್ರ ನಡೆಯುತ್ತೆ. ಎಬ್ಬಿಸಿದ ಮೇಲೆ ಎಲ್ಲೂ ನೆಲೆ ನಿಲ್ಲದೆ ಹೋದವರ ಹೆಸರಿನ ರೋಡು ಯಾವ ಊರಲ್ಲೂ ಇಲ್ಲ, ಹಾಗಾಗಿ ಅವರ ಲೆಕ್ಕ ನಮ್ಮ ವಾದದೊಳಗೆ ಬರೋದೇ ಇಲ್ಲ. ಅದೇ ಕಿರ್ಲೋಸ್ಕರರ ಇನ್ನೊಂದು ಕತೆ ಭಾವ ಹೇಳಲಿಲ್ಲ. ಕಬ್ಬಿಣದ ನೇಗಿಲು ಹೂಡಿದರೆ ನೆಲಕ್ಕೆ ವಿಷ ಏರುತ್ತೆ ಅಂತ ರೈತರು ನಂಬಿದ್ದರು. ಮೊದಲ ನೇಗಿಲು ಮಾರಾಟ ಆಗೋಕೆ ಎರಡು ವರ್ಷ ಹಿಡೀತು ಅಂತಾರೆ. ರೈತರ ನಂಬಿಕೆ ತಪ್ಪು, ಕಿರ್ಲೋಸ್ಕರರು ಸರಿ. ಆದರೂ ಸರಿ ಇದ್ದವರೇ ಕಾದರು. ಅವರನ್ನ ಪುರಸಭೆ ಎಷ್ಟು ಕಾಯಿತೋ.

ನಮ್ಮ ತಾಲೂಕಿನಲ್ಲೇ ಇದು ಬರೀ ಮನೆಯ ಮಾತಲ್ಲ. 2011ರಲ್ಲಿ ಭೀಮಗಡ ವನ್ಯಜೀವಿ ಧಾಮ ಆಯ್ತು. ಅದರೊಳಗೆ ಖಾನಾಪುರ ತಾಲೂಕಿನ ಕಾಡಿನ ಹಳ್ಳಿಗಳಿವೆ. ಪರಿಹಾರ ಕೊಟ್ಟು ಹೊರಗೆ ತರುವ ಕೆಲಸ ನಡೀತಿದೆ, ಅದಕ್ಕೆ ಸ್ವಯಂಪ್ರೇರಿತ ಸ್ಥಳಾಂತರ ಅಂತ ಹೆಸರು. ಕಾಡಿಗೂ ಪ್ರಾಣಿಗೂ ಜಾಗ ಬೇಕು, ಒಪ್ಪೋಣ. ಹೋಗಬೇಕು ಅಂತ ನಿಜವಾಗಿ ಬಯಸಿದವರೂ ಆ ಹಳ್ಳಿಗಳಲ್ಲಿದ್ದಾರೆ, ಅದನ್ನೂ ಒಪ್ಪೋಣ. ಆದರೆ ಮಳೆಗಾಲ ಬಂದರೆ ಅಲ್ಲಿಂದ ರೋಗಿಯನ್ನ ಹೊತ್ತುಕೊಂಡು ಕಿಲೋಮೀಟರುಗಟ್ಟಲೆ ನಡೆದ ಸುದ್ದಿ ಪೇಪರಿನಲ್ಲಿ ಬರುತ್ತೆ. ರಸ್ತೆ ಇಲ್ಲ, ಸೇತುವೆ ಇಲ್ಲ, ದವಾಖಾನೆ ಇಲ್ಲ. ಇಷ್ಟು ವರ್ಷ ಹಾಗೇ ಇಟ್ಟು, ಆಮೇಲೆ ಇಲ್ಲಿರ್ತೀರೋ ಹೋಗ್ತೀರೋ ಅಂತ ಕೇಳಿದರೆ ಅವರು ಕೊಡುವ ಉತ್ತರದಲ್ಲಿ ಸ್ವಯಂ ಎಷ್ಟು, ಪ್ರೇರಣೆ ಎಷ್ಟು? ಕೇಳೋದು ಒಳ್ಳೆಯದು, ಕಾಕಾ ಹೇಳಿದ್ದೂ ಅದನ್ನೇ. ಆದರೆ ಕೇಳುವ ಮೊದಲು ಕೇಳಿಸಿಕೊಂಡವನಿಗೆ ಇಲ್ಲ ಅನ್ನುವ ಶಕ್ತಿ ಉಳಿದಿದೆಯೋ ಅಂತ ನೋಡಬೇಕಾಗುತ್ತೆ. ಅಪ್ಪನಿಗೆ ಫೋನಿನಲ್ಲಿ ಒಡೀಬ್ಯಾಡ ಅನ್ನುವ ಅವಕಾಶ ಇತ್ತು. ಅಂದಿದ್ದರೆ ನಾನು ಹೊಸ ಚಕ್ರ ಹಾಕಿಸ್ತಿದ್ದೆ, ಅಷ್ಟೇ ಖರ್ಚು.

ಅಕ್ಕನಿಗೆ ಇದೆಲ್ಲ ಹೇಳಿದೆ. ಅವಳು ಚಕ್ಕಲಿ ಕರಿಯೋದು ನಿಲ್ಲಿಸಲಿಲ್ಲ. "ಮತ್ತೊಮ್ಮೆ ಬಿದ್ರ ಎತ್ತೋರು ಯಾರು? ರಾತ್ರಿ ಎದಿ ನೋವು ಬಂದ್ರ? ಹಕ್ಕು ಅದು ಇದು ಅಂತ ನೀ ಬರೀತಿ, ಬ್ಲಾಗ್ ಓದಿದವ್ರು ಬರ್ತಾರೇನ?" ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅಪ್ಪ ಊರಲ್ಲಿರಲಿ ಅನ್ನೋದು ನನಗೆ ಸಲೀಸು ಕೂಡ ಹೌದಲ್ಲ? ಸ್ವಾತಂತ್ರ್ಯ ಗೌರವಿಸ್ತೀನಿ ಅನ್ನುವ ಮಾತಿನೊಳಗೆ ಕೈ ತೊಳೆದುಕೊಳ್ಳೋ ಆಸೆಯೂ ಅಡಗಿರಬಹುದು. ಬಿಗಿಯಾಗಿದೆ, ಮುಟ್ಟಬೇಡ ಅಂತ ಬಿಟ್ಟುಬಿಟ್ಟರೆ ಚೈನು ಏರಿನಲ್ಲಿ ಹಾರಿ ಮನುಷ್ಯ ಬೀಳ್ತಾನೆ. ಮುಟ್ಟದೆ ಇರೋದೂ ಒಂದು ಕೆಲಸವೇ, ಅದರ ಹೊಣೆಯೂ ಯಾರದೋ ಹೆಗಲ ಮೇಲೆ ಬೀಳಲೇಬೇಕು.

ಫ್ರೀವೀಲ್ ಬಿಚ್ಚುವಾಗ ಬಿಚ್ಚಬೇಕಾದ ಚೂರನ್ನ ತಿರುವೋದಿಲ್ಲ, ಅದನ್ನ ಅಲುಗದ ಹಾಗೆ ಹಿಡಿದು ಇಡೀ ಚಕ್ರ ತಿರುಗಿಸ್ತಾರೆ ಅಂತ ಮೇಲೆ ಹೇಳಿದೆನಲ್ಲ. ಹಾಗಾದರೆ ಅಪ್ಪನನ್ನ ತಿರುವೋದು ಬಿಟ್ಟು ನಾವು ಮಕ್ಕಳೇ ಅವರ ಸುತ್ತ ತಿರುಗಬೇಕು ಅಂತ ಇಲ್ಲಿಂದ ಒಂದು ಪಾಠ ಎಳೀಬಹುದು. ಓದೋಕೆ ಚಂದಾಗಿರುತ್ತೆ. ಅಷ್ಟು ಚಂದಾಗಿರೋದಕ್ಕೇ ನನಗೆ ಅದರ ಮೇಲೆ ಅನುಮಾನ. ಫ್ರೀವೀಲಿಗೆ ಮಾತು ಬರೋದಿಲ್ಲ, ಅಪ್ಪನಿಗೆ ಬರುತ್ತೆ. ಮಾತು ಬರುವವರನ್ನ ಉಪಮೆಯಿಂದ ತೀರ್ಮಾನ ಮಾಡೋದು ಕೇಳದೆ ಸುತ್ತಿಗೆ ಎತ್ತಿದಷ್ಟೇ ಆಯ್ತು.

ಸದ್ಯಕ್ಕೆ ಆಗಿರೋದು ಇಷ್ಟು. ನನಗೆ ಮನೆಯಿಂದ ಕೆಲಸ ಇರೋದರಿಂದ ವಾರಕ್ಕೆ ಮೂರು ದಿನ ಊರಿನಿಂದಲೇ ಲಾಗಿನ್ ಆಗ್ತೀನಿ, ಕರೆಂಟು ಇದ್ದರೆ. ಮಳೆಗಾಲದಲ್ಲಿ ಸೈಕಲ್ ಹತ್ತೋದಿಲ್ಲ ಅಂತ ಅಪ್ಪ ಅಕ್ಕನಿಗೆ ಮಾತು ಕೊಟ್ಟಿದ್ದಾರೆ. ಅಕ್ಕ ಅದನ್ನ ನಂಬಿಲ್ಲ.

ಹೊಸ ಫ್ರೀವೀಲ್ ಹಾಕುವಾಗ ಕಾಕಾ ಹಬ್ಬಿನ ಥ್ರೆಡ್ಡಿಗೆ ಬೆರಳಿನಿಂದ ಗ್ರೀಸು ಹಚ್ಚಿದ್ದರು. 1987ರಲ್ಲಿ ಯಾರೋ ಇದೇ ಒಂದು ಬೆರಳಿನ ಗ್ರೀಸು ಹಚ್ಚಿದ್ದರೆ ಎರಡು ದಿನದ ಒದ್ದಾಟ ಬಹುಶಃ ಇರ್ತಿರಲಿಲ್ಲ. ಬಿಗಿತ ಅಷ್ಟೇ ಇರ್ತಿತ್ತು, ಜಂಗು ಇರ್ತಿರಲಿಲ್ಲ. "ನಾಕೈದು ವರ್ಷಕ್ಕೊಮ್ಮೆ ಬಿಚ್ಚಿ, ಗ್ರೀಸ್ ಹಚ್ಚಿ, ಮತ್ತ ಹಾಕ್ಸ್ರಿ. ಕೆಟ್ಟಿರಬೇಕಂತೇನಿಲ್ಲ," ಅಂತ ಹೇಳಿ ಕಳಿಸಿದರು. ಸೈಕಲ್ ಊರಿಗೆ ಒಯ್ದಾಗ ಅಪ್ಪನಿಗೆ ಅದನ್ನ ಹೇಳಿದೆ. ಅವರು ಅಂಗಳದಲ್ಲಿ ಒಂದು ಸುತ್ತು ಹೊಡೆದು, ಇಳಿದು, ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಕೈಯಿಂದ ತಿರುವಿ ಹೊಸ ನಾಲಿಗೆಗಳ ಸದ್ದು ಕೇಳ್ತಾ ನಿಂತರು.

"ಸರಿ ಇದ್ದದ್ನ ಯಾಕ ಬಿಚ್ಚಬೇಕಂತ?" ಅಂದರು.